ಹಡಗಿನ ದುಬಾರಿ ರೆಸ್ಟೋರೆಂಟಿನಲ್ಲಿ ಟಿಪ್ಸ್ ಎಷ್ಟು? ಹದಿನೈದು ಸೂತ್ರಗಳು

ಅಲಾಸ್ಕಾ ಕ್ರೂಸಿನ ಮೂರನೆಯ ರಾತ್ರಿ. ಅಪ್ಪ-ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬಿತೆಂದು, ಸಿಯಾಟಲಿನಲ್ಲಿ ಕೆಲಸದಲ್ಲಿರುವ ಮಗ ಹಡಗಿನ ಸ್ಟೇಕ್‌ಹೌಸಿನಲ್ಲಿ ಮೇಜು ಕಾದಿರಿಸಿದ್ದಾನೆ. ಕಿಟಕಿಯಾಚೆ ರಾತ್ರಿ ಒಂಬತ್ತಾದರೂ ಮುಳುಗದ ಬಿಸಿಲು. ಊಟ ಮುಗಿದು, ಕಪ್ಪು ಫೋಲ್ಡರಿನಲ್ಲಿ ಬಿಲ್ಲು ಬರುತ್ತದೆ.

"ಇವರಿಗೆ ಬೇರೆ ಏನಾದ್ರೂ ಕೊಡ್ಬೇಕೇನೋ?" ಎಂದು ಅಪ್ಪ ಮೆಲ್ಲಗೆ ಕೇಳುತ್ತಾರೆ.

"ಆಗ್ಲೇ ಸೇರಿಸಿರ್ತಾರೆ ಬಿಡಿ ಅಪ್ಪ" ಎನ್ನುತ್ತಾನೆ ಮಗ.

"ಸೇರಿಸಿದ್ರೆ ಈ ಖಾಲಿ ಗೆರೆ ಯಾಕಿದೆ?" ಎನ್ನುತ್ತಾಳೆ ಸೊಸೆ.

ಮೂವರೂ ಕೇಳಬೇಕಾದ್ದನ್ನೇ ಕೇಳಿದ್ದಾರೆ. ಉತ್ತರ ಮಾತ್ರ ಹಡಗಿನಿಂದ ಹಡಗಿಗೆ ಬೇರೆ.

ಸ್ಪೆಷಾಲಿಟಿ ರೆಸ್ಟೋರೆಂಟ್ ಎಂದರೆ ಟಿಕೆಟ್ಟಿನ ಹಣದಲ್ಲಿ ಸೇರದ ಊಟದ ಜಾಗ. ದೊಡ್ಡ ಡೈನಿಂಗ್ ರೂಮು, ಬುಫೆ ಎರಡೂ ಟಿಕೆಟ್ಟಿನಲ್ಲೇ ಬರುತ್ತವೆ. ಸ್ಟೇಕ್‌ಹೌಸ್, ಇಟಾಲಿಯನ್, ಸುಶಿ, ಕಣ್ಣೆದುರೇ ಕಾವಲಿಯ ಮೇಲೆ ಬೇಯಿಸಿ ಬಡಿಸುವ ಜಪಾನಿ ತೆಪ್ಪನ್ಯಾಕಿ, ಬಾಣಸಿಗರೇ ಕೂರಿಸಿ ಬಡಿಸುವ ಶೆಫ್ಸ್ ಟೇಬಲ್ ಇವಕ್ಕೆಲ್ಲ ತಲೆಗೆ ಇಷ್ಟೆಂದು ಬೇರೆ ದರ. ದೊಡ್ಡ ಹಡಗುಗಳಲ್ಲಿ ಅದು ಸಾಮಾನ್ಯವಾಗಿ 40ರಿಂದ 70 ಡಾಲರ್. ಶೆಫ್ಸ್ ಟೇಬಲ್ 100 ಡಾಲರನ್ನೂ ದಾಟುತ್ತದೆ. ಅಲ್ಲಿ ಕೂತಾಗ ನಮ್ಮವರು ಎರಡು ತಪ್ಪು ಮಾಡುವುದನ್ನು ನೋಡಿದ್ದೇನೆ. ಗೊತ್ತಿಲ್ಲದೆ ಎರಡೆರಡು ಸಲ ಟಿಪ್ಸ್ ಕೊಡುತ್ತಾರೆ, ಇಲ್ಲವೇ ಕೊಡಬೇಕಾದ ಕೈಗೆ ಏನೂ ಇಡದೆ ಎದ್ದು ಬರುತ್ತಾರೆ. ಎರಡನ್ನೂ ತಪ್ಪಿಸುವ ದಾರಿ ಇಲ್ಲಿದೆ.

1. ಮೊದಲು ಬಿಲ್ಲು ಓದಿ, ಆಮೇಲೆ ಪೆನ್ನು ಹಿಡಿಯಿರಿ.

ಬಿಲ್ಲಿನಲ್ಲಿ ಮೂರು ಸಾಲು ಹುಡುಕಿ. ಮೇಲೆ ಊಟದ ದರ. ಅದರ ಕೆಳಗೆ ‘ಗ್ರಾಚುಟಿ’ ಅಥವಾ ‘ಸರ್ವಿಸ್ ಚಾರ್ಜ್’. ಅದಕ್ಕೂ ಕೆಳಗೆ ‘ಅಡಿಷನಲ್ ಗ್ರಾಚುಟಿ’ ಎಂದೋ ‘ಎಕ್ಸ್‌ಟ್ರಾ ಟಿಪ್’ ಎಂದೋ ಒಂದು ಖಾಲಿ ಗೆರೆ. ನಮ್ಮಲ್ಲಿ ಗ್ರಾಚುಟಿ ಎಂದರೆ ನಿವೃತ್ತಿಯಾದಾಗ ನೌಕರರಿಗೆ ಬರುವ ಹಣ. ಹಡಗಿನಲ್ಲಿ ಅದು ಟಿಪ್ಸಿಗೆ ಕಾಗದದ ಮೇಲಿನ ಹೆಸರು. ಆ ಎರಡನೆಯ ಸಾಲಿನಲ್ಲಿ ಅಂಕಿ ಇದ್ದರೆ ಟಿಪ್ಸ್ ಸಂದಾಯವಾಗಿದೆ ಎಂದೇ ಅರ್ಥ. ಮೂರನೆಯ ಗೆರೆ ನಿಮ್ಮ ಇಷ್ಟ. ಅದನ್ನು ಖಾಲಿ ಬಿಟ್ಟು ಸಹಿ ಹಾಕಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಡಗು ಹತ್ತುವ ಮೊದಲೇ ಇಂಟರ್‌ನೆಟ್ಟಿನಲ್ಲಿ ಹಣ ಕಟ್ಟಿ ಮೇಜು ಕಾದಿರಿಸಿದ್ದರೆ ಅಂದಿನ ಬಿಲ್ಲಿನಲ್ಲಿ ಸೊನ್ನೆ ಕಾಣಬಹುದು. ಹಾಗೆಂದು ಟಿಪ್ಸ್ ಸೇರಿಲ್ಲವೆಂದು ತೀರ್ಮಾನಿಸಬೇಡಿ. ಬುಕಿಂಗ್ ರಸೀದಿ ತೆಗೆದು ನೋಡಿ. ಎಷ್ಟೋ ಸಲ ಅಲ್ಲೇ ಮುರಿದುಕೊಂಡಿರುತ್ತಾರೆ. ಆ ರಸೀದಿಯ ಒಂದು ಫೋಟೊ ಮೊಬೈಲಿನಲ್ಲಿರಲಿ.

2. ದಿನದ ಟಿಪ್ಸ್ ಬೇರೆ, ಈ ಮೇಜಿನ ಟಿಪ್ಸ್ ಬೇರೆ.

ಗೊಂದಲದ ಬೇರು ಇರುವುದು ಇಲ್ಲೇ. ಹಿಂದೆ ಕ್ರೂಸಿನಲ್ಲಿ ಪ್ರತಿ ಕುಟುಂಬಕ್ಕೂ ಒಂದೇ ಮೇಜು, ಒಂದೇ ಹೊತ್ತು, ಪ್ರಯಾಣ ಮುಗಿಯುವವರೆಗೂ ಅದೇ ವೇಟರ್. ಕೊನೆಯ ರಾತ್ರಿ ಲಕೋಟೆಗಳಲ್ಲಿ ಹಣ ಹಾಕಿ ವೇಟರಿಗೊಂದು, ಅವರ ಸಹಾಯಕರಿಗೊಂದು, ಕೋಣೆ ಗುಡಿಸಿ ಹಾಸಿಗೆ ಹಾಸಿದ ಸ್ಟೂವರ್ಡಿಗೊಂದು ಎಂದು ಕೈಗೇ ಕೊಡುತ್ತಿದ್ದರು. 2000ದ ಹೊತ್ತಿಗೆ ನಾರ್ವೇಜಿಯನ್ ಕ್ರೂಸ್ ಲೈನ್ ‘ಫ್ರೀಸ್ಟೈಲ್’ ಎಂಬ ಪದ್ಧತಿ ತಂದಿತು: ಬೇಕಾದಾಗ, ಬೇಕಾದ ಕಡೆ ಊಟ. ಇವತ್ತು ಒಂದು ಮೇಜು, ನಾಳೆ ಇನ್ನೊಂದು. ಹಾಗಾದಾಗ ಲಕೋಟೆ ಯಾರ ಕೈಗೆ ಕೊಡುವುದು? ತಲೆಗೆ ದಿನಕ್ಕೆ ಇಷ್ಟೆಂದು ಖಾತೆಗೇ ಹಾಕಿ, ಒಟ್ಟು ಸೇರಿಸಿ ಹಂಚುವ ರೂಢಿ ಬೆಳೆದದ್ದು ಹೀಗೆ. ಇಂದು ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಸಾಮಾನ್ಯ ಕೋಣೆಯ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಸೂಟ್ ಹಿಡಿದವರಿಗೆ ಇನ್ನೂ ಹೆಚ್ಚು.

ಈ ದಿನದ ಹಣ ಮುಖ್ಯವಾಗಿ ದೊಡ್ಡ ಡೈನಿಂಗ್ ರೂಮು, ಕೋಣೆಗಳ ಸ್ವಚ್ಛತೆ ಮತ್ತು ತೆರೆಮರೆಯ ಕೆಲಸಗಾರರದ್ದು. ಸ್ಪೆಷಾಲಿಟಿ ರೆಸ್ಟೋರೆಂಟಿನ ಬಿಲ್ಲಿಗೆ ಬೀಳುವ ಶೇಕಡಾವಾರು ಅದರ ಮೇಲಿನದು. "ಇವತ್ತು ನಾವು ಡೈನಿಂಗ್ ರೂಮಿಗೆ ಹೋಗಲೇ ಇಲ್ಲವಲ್ಲ, ಅವರ ಪಾಲನ್ನು ಕಳೆಯಿರಿ" ಎಂದು ಕೇಳುವವರಿದ್ದಾರೆ. ಕೇಳಬೇಡಿ. ನಿಮಗಾಗಿ ಅಲ್ಲಿ ಎಲೆ ಹಾಕಿಟ್ಟು ಕಾದವರು ಇದ್ದೇ ಇರುತ್ತಾರೆ.

3. ಕಂಪನಿಯ ಪದ್ಧತಿಯನ್ನು ಮನೆಯಲ್ಲೇ ತಿಳಿದು ಹೊರಡಿ.

ಈಚಿನ ವರ್ಷಗಳಲ್ಲಿ ರಾಯಲ್ ಕೆರಿಬಿಯನ್ ತನ್ನ ಸ್ಪೆಷಾಲಿಟಿ ಊಟಕ್ಕೆ ಶೇ. 18 ಸೇರಿಸುತ್ತಿದೆ. ನಾರ್ವೇಜಿಯನ್ ಮತ್ತು ಸೆಲೆಬ್ರಿಟಿ ಶೇ. 20 ಸೇರಿಸುತ್ತವೆ. ಕೆಲವು ಹಡಗುಗಳು ಪಾನೀಯಕ್ಕೆ ಮಾತ್ರ ಸೇರಿಸಿ ಊಟದ ದರವನ್ನು ಹಾಗೇ ಬಿಡುತ್ತವೆ. ಸೀಬೋರ್ನ್, ಸಿಲ್ವರ್‌ಸೀ, ರೀಜೆಂಟ್ ಸೆವೆನ್ ಸೀಸ್‌ನಂಥ ಐಷಾರಾಮಿ ಕಂಪನಿಗಳಲ್ಲಿ ಟಿಪ್ಸ್ ಟಿಕೆಟ್ಟಿನ ಹಣದಲ್ಲೇ ಇದೆ. ಅಲ್ಲಿ ಕೈ ಜೇಬಿಗೆ ಹೋಗಬೇಕಾಗಿಲ್ಲ. ಬ್ರಿಟನ್ನಿನ ಪಿ ಅಂಡ್ ಓ ಕ್ರೂಸಸ್ 2019ರ ಮೇ ತಿಂಗಳಿಂದ ದಿನದ ಟಿಪ್ಸನ್ನೇ ಕೈಬಿಟ್ಟಿತು. ಜರ್ಮನಿಯ ಆಯ್ಡಾ ಹಡಗುಗಳಲ್ಲೂ ಟಿಪ್ಸ್ ಟಿಕೆಟ್ಟಿನಲ್ಲೇ ಅಡಕ. ದರಗಳು ವರ್ಷಕ್ಕೊಮ್ಮೆಯಾದರೂ ಬದಲಾಗುತ್ತವೆ, ಆದ್ದರಿಂದ ಹೊರಡುವ ವಾರ ಕಂಪನಿಯ ಪುಟವನ್ನು ಇನ್ನೊಮ್ಮೆ ನೋಡಿ. ಹೋದ ವರ್ಷ ಹೋಗಿಬಂದ ನೆಂಟರ ಮಾತನ್ನೇ ನಂಬಿ ಹೊರಡಬೇಡಿ.

4. ಸೇರಿಸಿದ್ದರೆ: ಗಂಡ-ಹೆಂಡತಿಗೆ ಒಟ್ಟು 5ರಿಂದ 10 ಡಾಲರ್ ಸಾಕು.

ಲೆಕ್ಕ ನೋಡಿ. ತಲೆಗೆ 60 ಡಾಲರಿನಂತೆ ಇಬ್ಬರಿಗೆ 120. ಅದಕ್ಕೆ ಶೇ. 18 ಎಂದರೆ 21 ಡಾಲರ್ 60 ಸೆಂಟ್. ಒಟ್ಟು 141.60. ಟಿಪ್ಸ್ ಅಲ್ಲೇ ಮುಗಿದಿದೆ. ಇದರ ಮೇಲೆ ಕೊಡುವುದು ಸಂತೋಷದ ಭಕ್ಷೀಸು, ಸಾಲವಲ್ಲ. ಸೇವೆ ಚೆನ್ನಾಗಿದ್ದರೆ 5, ತುಂಬಾ ಚೆನ್ನಾಗಿದ್ದರೆ 10. ಎರಡೂವರೆ ಗಂಟೆ ನಿಂತು, ಪ್ರತಿ ತಿನಿಸನ್ನೂ ವಿವರಿಸಿ, ನಿಮ್ಮ ವಾರ್ಷಿಕೋತ್ಸವವನ್ನು ತಮ್ಮ ಮನೆಯದೆಂಬಂತೆ ನಡೆಸಿಕೊಟ್ಟರೆ 20. ಅದಕ್ಕಿಂತ ಮೇಲೆ ಹೋಗಬೇಕಾದ ಒತ್ತಡ ಯಾವುದೂ ಇಲ್ಲ. ಪಕ್ಕದ ಮೇಜಿನ ಅಮೆರಿಕನ್ನರು ಐವತ್ತರ ನೋಟು ಇಟ್ಟರೆಂದು ನೀವೂ ಇಡಬೇಕಾಗಿಲ್ಲ.

5. ಸೇರಿಸದಿದ್ದರೆ: ಶೇ. 15ರಿಂದ 20.

ಅದೇ 120 ಡಾಲರಿಗೆ 18ರಿಂದ 24. ಇದು ಐಚ್ಛಿಕವೆಂದು ಬಿಲ್ಲಿನಲ್ಲಿ ಬರೆದಿದ್ದರೂ ಕೊಡಬೇಕಾದ್ದೇ. ಮನಸ್ಸಿನಲ್ಲೇ ಲೆಕ್ಕ ಹಾಕುವ ಸುಲಭ ದಾರಿ: ಒಟ್ಟು ಮೊತ್ತದ ಹತ್ತನೇ ಒಂದು ಭಾಗ ತೆಗೆಯಿರಿ, ಅದಕ್ಕೆ ಅದರ ಮುಕ್ಕಾಲು ಸೇರಿಸಿ. 12 ಮತ್ತು 9, ಸೇರಿ 21.

6. ಪುಕ್ಕಟೆ ಊಟವಾದರೆ ನಿಜವಾದ ಬೆಲೆಯ ಮೇಲೆ ಲೆಕ್ಕ ಹಾಕಿ.

ಸೂಟ್ ಹಿಡಿದವರಿಗೂ, ಹಲವು ಸಲ ಅದೇ ಕಂಪನಿಯಲ್ಲಿ ಪ್ರಯಾಣ ಮಾಡಿದವರಿಗೂ ಒಂದು ಸ್ಪೆಷಾಲಿಟಿ ಊಟ ಉಚಿತವಾಗಿ ಸಿಗುವುದುಂಟು. ದರ ಸೊನ್ನೆಯಾದಾಗ ಶೇ. 18 ಕೂಡ ಸೊನ್ನೆಯೇ. ಬಡಿಸಿದವರ ಶ್ರಮ ಮಾತ್ರ ಅಷ್ಟೇ. ಮೆನುವಿನಲ್ಲಿರುವ ಬೆಲೆ 60 ಡಾಲರ್ ಆದರೆ ತಲೆಗೆ 10 ಡಾಲರಿನಂತೆ ಕೈಗೆ ಕೊಟ್ಟು ಬನ್ನಿ. ಹಲವು ಸ್ಪೆಷಾಲಿಟಿ ಊಟಗಳನ್ನು ಒಟ್ಟಿಗೇ ಕೊಳ್ಳುವ ಡೈನಿಂಗ್ ಪ್ಯಾಕೇಜ್ ಪಡೆದವರ ಮಾತು ಬೇರೆ. ನಾರ್ವೇಜಿಯನ್‌ನಂಥ ಕಂಪನಿಗಳು ಪ್ಯಾಕೇಜನ್ನು ‘ಉಚಿತ’ ಎಂದು ಕೊಟ್ಟರೂ ಅದರ ಟಿಪ್ಸನ್ನು ಬುಕಿಂಗ್ ಸಮಯದಲ್ಲೇ ವಸೂಲಿ ಮಾಡಿರುತ್ತವೆ. ಆಗ ನಾಲ್ಕನೆಯ ಸೂತ್ರ ಅನ್ವಯ.

7. ವೈನಿನ ಬಿಲ್ಲನ್ನು ಪ್ರತ್ಯೇಕವಾಗಿ ನೋಡಿ.

50 ಡಾಲರಿನ ಬಾಟಲಿಗೆ ಶೇ. 18ರಂತೆ 9 ಡಾಲರ್ ಆಗಲೇ ಬಿದ್ದಿರುತ್ತದೆ. ಲಾಬ್‌ಸ್ಟರ್, ವಾಗ್ಯೂ ಗೋಮಾಂಸ ಮುಂತಾಗಿ ಹೆಚ್ಚುವರಿ ದರದ ಖಾದ್ಯಗಳಿಗೂ ಹಾಗೆಯೇ. ಬಂದರಿನಲ್ಲಿ ನಿಂತಿರುವಾಗ ಆ ಊರಿನ ತೆರಿಗೆ ಸೇರಬಹುದು, ಅದು ಟಿಪ್ಸಲ್ಲ. ವೈನ್ ಆರಿಸಿಕೊಟ್ಟ ಸೊಮೆಲಿಯೆಗೆ ಬೇರೆ ಕೊಡಬೇಕಾಗಿಲ್ಲ.

8. ನಿಮಗೆಂದೇ ಒಲೆ ಹಚ್ಚಿದವರನ್ನು ಮರೆಯಬೇಡಿ.

ನಮ್ಮವರಿಗೆ ಈ ಸೂತ್ರ ಎಲ್ಲಕ್ಕಿಂತ ಮುಖ್ಯ. ಸ್ಟೇಕ್‌ಹೌಸಿನ ಮೆನುವಿನಲ್ಲಿ ಸಸ್ಯಾಹಾರಿಗೆ ಸಿಗುವುದು ಸಾಮಾನ್ಯವಾಗಿ ಬೇಯಿಸಿದ ಆಲೂಗಡ್ಡೆ, ಶತಾವರಿ, ಒಂದು ಸಲಾಡ್. ಅಮ್ಮ ಮೊಟ್ಟೆ ತಿನ್ನುವುದಿಲ್ಲ, ಅತ್ತೆಗೆ ಈರುಳ್ಳಿ-ಬೆಳ್ಳುಳ್ಳಿ ಆಗದು, ಮಾವನಿಗೆ ಸಕ್ಕರೆ ಕಾಯಿಲೆ. ಹಿಂದಿನ ದಿನವೇ ರೆಸ್ಟೋರೆಂಟಿಗೆ ಹೋಗಿ ಹೇಳಿದರೆ ಅಡುಗೆಮನೆ ಸಾಧ್ಯವಾದ್ದನ್ನೆಲ್ಲ ಮಾಡಿಕೊಡುತ್ತದೆ. ಹಡಗಿನ ಅಡುಗೆಮನೆಯಲ್ಲಿ ಭಾರತದ ಅಡುಗೆಯವರು ಇರುವುದು ಸಾಮಾನ್ಯ. ದೊಡ್ಡ ಡೈನಿಂಗ್ ರೂಮಿನಲ್ಲಂತೂ ಮುಂಚಿತವಾಗಿ ತಿಳಿಸಿದವರ ಮೇಜಿಗೆ ಬೇಳೆ ಸಾರು, ಚಪಾತಿ, ಪಲ್ಯ ಬರುವುದನ್ನು ಕಣ್ಣಾರೆ ಕಂಡಿದ್ದೇನೆ.

ಇದರ ಹಿಂದಿನ ಕೆಲಸ ನೆನೆಯಿರಿ. ನೂರಾರು ತಟ್ಟೆ ಒಂದೇ ಅಳತೆಯಲ್ಲಿ ಹೊರಡುವ ಅಡುಗೆಮನೆಯಲ್ಲಿ ನಿಮ್ಮೊಂದು ಮೇಜಿಗಾಗಿ ಬೇರೆ ಬಾಣಲೆ ಇಡಬೇಕು. ಮಾಂಸ ತಾಗಿದ ಚಾಕು, ಹಲಗೆ ದೂರವಿಡಬೇಕು. ವೇಟರ್ ಎರಡು ಸಲ ಒಳಗೆ ಓಡಿ ಖಚಿತಪಡಿಸಿಕೊಳ್ಳಬೇಕು. ಬಿಲ್ಲಿನ ಶೇ. 18ರಲ್ಲಿ ಈ ಓಡಾಟಕ್ಕೆ ಪ್ರತ್ಯೇಕ ಪಾಲಿಲ್ಲ. ಹೀಗೆ ವಿಶೇಷವಾಗಿ ಅಡುಗೆ ಮಾಡಿಸಿಕೊಂಡ ರಾತ್ರಿ ಕಡೇಪಕ್ಷ 10 ಡಾಲರ್ ಹೆಚ್ಚು ಕೊಡಿ; ನಾಲ್ಕೈದು ಜನರ ಕುಟುಂಬವಾದರೆ 20. ಕೊಡುವಾಗ "ಇದರಲ್ಲಿ ಅಡುಗೆಯವರಿಗೂ ಪಾಲಿರಲಿ" ಎಂದು ಬಾಯಿಬಿಟ್ಟು ಹೇಳಿ. ಸಾಧ್ಯವಾದರೆ ಅಡುಗೆಯವರನ್ನು ಒಂದು ನಿಮಿಷ ಹೊರಗೆ ಕರೆಸಿ ಅಮ್ಮನ ಕೈಯಲ್ಲೇ ಕೊಡಿಸಿ. ಆ ಮುಖಗಳ ಸಂತೋಷ ನೋಡಬೇಕಾದ್ದು.

9. ಹೆಚ್ಚುವರಿಯನ್ನು ನಗದಾಗಿ, ಕೈಗೇ ಕೊಡಿ.

ಹಡಗಿನಲ್ಲಿ ಎಲ್ಲವೂ ಕೋಣೆಯ ಕಾರ್ಡಿನ ಮೇಲೆ ನಡೆಯುತ್ತದೆ. ಜೇಬಿನಲ್ಲಿ ದುಡ್ಡೇ ಬೇಡವೆನ್ನಿಸುತ್ತದೆ. ಬಿಲ್ಲಿನ ಗೆರೆಯಲ್ಲಿ ಬರೆದ ಹಣವೂ ತಲುಪುತ್ತದೆ, ಆದರೆ ಕೈಗೆ ಇಟ್ಟದ್ದು ಅಂದೇ, ಅವರಿಗೇ ಎಂಬುದು ಖಾತರಿ. ಬಡಿಸಿದವರು ಸಾಮಾನ್ಯವಾಗಿ ಇಬ್ಬರು, ವೇಟರ್ ಮತ್ತು ಸಹಾಯಕ. ಇಬ್ಬರಿಗೂ ಬೇರೆ ಬೇರೆಯಾಗಿ ಕೊಟ್ಟರೆ ಒಳ್ಳೆಯದು. ನೀರು ತುಂಬಿ, ತಟ್ಟೆ ಎತ್ತಿದ ಸಹಾಯಕ ಎಷ್ಟೋ ಸಲ ಯಾರ ಕಣ್ಣಿಗೂ ಬೀಳುವುದಿಲ್ಲ.

ಇದಕ್ಕೆ ಬೇಕಾದ್ದು ಸಣ್ಣ ನೋಟು. ಊರಿನ ಫಾರೆಕ್ಸ್ ಕೌಂಟರಿನಲ್ಲಿ ಕೇಳದಿದ್ದರೆ ನೂರರ ನೋಟುಗಳನ್ನೇ ಎಣಿಸಿ ಕೊಡುತ್ತಾರೆ. ಒಂದು, ಐದು, ಹತ್ತರ ನೋಟು ಬೇಕೆಂದು ಎರಡು ದಿನ ಮುಂಚೆ ಹೇಳಿಡಿ. ಯೂರೋಪಿನ ಕ್ರೂಸಿನಲ್ಲಿ ನಾಣ್ಯ ಕೊಡಬೇಡಿ. ಬೇರೆ ದೇಶದವರಿಗೆ ನಾಣ್ಯ ಬದಲಾಯಿಸುವುದು ಕಷ್ಟ. ವಿದೇಶಿ ಹಡಗಿನಲ್ಲಿ ರೂಪಾಯಿ ನೋಟು ಕೊಡುವುದೂ ಬೇಡ. ಭಾರತದವರಿಗೆ ಅದು ಊರಿಗೆ ಹೋದಾಗಲಷ್ಟೇ ಉಪಯೋಗಕ್ಕೆ ಬರುತ್ತದೆ, ಫಿಲಿಪ್ಪೀನ್ಸಿನವರಿಗೆ ಉಪಯೋಗವೇ ಇಲ್ಲ. ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೊರಡುವ ಕಾರ್ಡೀಲಿಯಾ ಹಡಗಿನಲ್ಲಿ ರೂಪಾಯಿಯೇ ಸರಿ.

10. ಮ್ಯಾನೇಜರಿಗೆ ಯಾವಾಗ?

ಕಿಟಕಿ ಪಕ್ಕದ ಮೇಜು ಬೇಕೆಂದು ಬಾಗಿಲಲ್ಲೇ ನೋಟು ಚಾಚುವುದು ಬೇಡ. ಹನ್ನೆರಡು ಜನಕ್ಕೆ ಮೇಜು ಜೋಡಿಸಿಕೊಟ್ಟರೆ, ತುಂಬಿದ ರಾತ್ರಿ ಜಾಗ ಮಾಡಿಕೊಟ್ಟರೆ, ಊಟ ಮುಗಿದ ಮೇಲೆ 10 ಡಾಲರ್.

11. ರೂಪಾಯಿ ಲೆಕ್ಕವನ್ನು ಊರಲ್ಲೇ ಮುಗಿಸಿ.

ಮೇಜಿನ ಮುಂದೆ ಕೂತು ಡಾಲರನ್ನು ರೂಪಾಯಿಗೆ ಗುಣಿಸಲು ಹೊರಟರೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಹತ್ತು ಡಾಲರ್ ಎಂದರೆ ಒಂಬೈನೂರು ರೂಪಾಯಿ, ನಮ್ಮೂರಲ್ಲಿ ನಾಲ್ವರ ಊಟ ಎಂಬ ಯೋಚನೆ ಬಂದೇ ಬರುತ್ತದೆ. ಅದು ಜಿಪುಣತನವಲ್ಲ, ದುಡಿದು ತಿನ್ನುವವರ ಸಹಜ ಲೆಕ್ಕ. ಆದರೆ ಆ ಲೆಕ್ಕಕ್ಕೆ ಸರಿಯಾದ ಜಾಗ ಮನೆ.

ನಾಲ್ವರ ಕುಟುಂಬ, ಏಳು ರಾತ್ರಿ. ದಿನದ ಟಿಪ್ಸ್ ತಲೆಗೆ 18 ಡಾಲರ್ ಎಂದಿಟ್ಟುಕೊಂಡರೆ ಒಟ್ಟು 504 ಡಾಲರ್. ಡಾಲರಿಗೆ 90 ರೂಪಾಯಿ ಹಿಡಿದರೆ 45,360 ರೂಪಾಯಿ. ಮಕ್ಕಳಿಗೂ ಇದು ಅನ್ವಯಿಸುತ್ತದೆ. ತೀರಾ ಎಳೆಯ ಕೂಸಿಗೆ ಕೆಲವು ಕಂಪನಿಗಳು ವಿನಾಯಿತಿ ಕೊಡುತ್ತವೆ. ಟಿಕೆಟ್ಟಿನ ಜಾಹೀರಾತಿನಲ್ಲಿ ಈ ಮೊತ್ತ ಎಷ್ಟೋ ಸಲ ಕಾಣುವುದಿಲ್ಲ. ಅದನ್ನು ಟಿಕೆಟ್ಟಿನ ಬೆಲೆಯ ಭಾಗವೆಂದೇ ಮೊದಲ ದಿನ ಬರೆದುಕೊಳ್ಳಿ. ಸಾಧ್ಯವಿದ್ದರೆ ಮುಂಗಡವಾಗಿ ಕಟ್ಟಿಬಿಡಿ. ಆಮೇಲೆ ಸ್ಪೆಷಾಲಿಟಿ ಊಟ ಎಷ್ಟು ರಾತ್ರಿ ಎಂದು ನಿರ್ಧರಿಸಿ. ನನ್ನನ್ನು ಕೇಳಿದರೆ ಏಳು ರಾತ್ರಿಗೆ ಒಂದೇ ಸಾಕು. ನಾಲ್ಕು ರಾತ್ರಿ ಹೋಗಿ ಟಿಪ್ಸಿಗೆ ಕೈ ಬಿಗಿಹಿಡಿಯುವುದಕ್ಕಿಂತ, ಒಂದು ರಾತ್ರಿ ಹೋಗಿ ಕೈಬಿಚ್ಚಿ ಕೊಟ್ಟು ಬರುವುದು ಮೇಲು.

12. ಬೆಂಗಳೂರಿನ ವಾದ ನಡುಸಮುದ್ರದಲ್ಲಿ ನಡೆಯುವುದಿಲ್ಲ.

ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಹೋಟೆಲುಗಳು ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದನ್ನು ತಿಳಿದವರು ಹಡಗಿನಲ್ಲೂ ಅದೇ ವಾದ ಹೂಡುತ್ತಾರೆ. ಆದರೆ ರಾಯಲ್ ಕೆರಿಬಿಯನ್ನಿನ ಬಹುತೇಕ ಹಡಗುಗಳು ಬಹಾಮಾಸ್‌ನಲ್ಲಿ, ಪ್ರಿನ್ಸೆಸ್ ಕಂಪನಿಯ ಹೆಚ್ಚಿನವು ಬರ್ಮುಡಾದಲ್ಲಿ, ಕಾರ್ನಿವಲ್ ಕಂಪನಿಯ ಹಲವು ಪನಾಮಾದಲ್ಲಿ ನೋಂದಣಿಯಾದವು. ಟಿಕೆಟ್ ಕೊಳ್ಳುವಾಗ ನೀವು ಒಪ್ಪಿದ ಕರಾರೇ ಅಲ್ಲಿ ನಡೆಯುವುದು. ಹಡಗಿನ ನೋಂದಣಿ ಹೊರದೇಶದಲ್ಲಿರುವ ಕಾರಣಕ್ಕೇ ಅಮೆರಿಕದ ಕನಿಷ್ಠ ವೇತನದ ಕಾನೂನು ಅಲ್ಲಿ ಬಡಿಸುವವರಿಗೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಿ.

13. ದಿನದ ಟಿಪ್ಸಿಗೆ ಕತ್ತರಿ ಹಾಕಬೇಡಿ.

ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ದಿನದ ಟಿಪ್ಸ್ ತೆಗೆಸಿಬಿಡಬಹುದೆಂದು ಯಾರಾದರೂ ಕಿವಿಯಲ್ಲಿ ಹೇಳುತ್ತಾರೆ. ಹಲವು ಕಂಪನಿಗಳಲ್ಲಿ ಅದು ಸಾಧ್ಯವೂ ಹೌದು. "ಸ್ಪೆಷಾಲಿಟಿಯಲ್ಲಿ ಶೇ. 20 ಕೊಟ್ಟೆವಲ್ಲ, ಇದು ಯಾಕೆ?" ಎಂಬ ಸಮಾಧಾನವೂ ಸಿಗುತ್ತದೆ. ಕಂಪನಿ ಸರಿಯಾದ ಸಂಬಳ ಕೊಡಬೇಕು, ಅದನ್ನು ಪ್ರಯಾಣಿಕರ ಮೇಲೆ ಹೊರಿಸಬಾರದು ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಆ ವಾದಕ್ಕೆ ದಂಡ ತೆರುವವರು ಕಂಪನಿಯವರಲ್ಲ, ನಿಮ್ಮ ಹಾಸಿಗೆ ಹಾಸಿದವರು. ಕೆಲವು ಹಡಗುಗಳಲ್ಲಿ, ದಿನದ ಟಿಪ್ಸ್ ತೆಗೆಸಿದವರು ಕೈಗೆ ಕೊಟ್ಟ ನಗದನ್ನೂ ನೌಕರರು ಒಟ್ಟು ನಿಧಿಗೆ ಒಪ್ಪಿಸಬೇಕೆಂಬ ನಿಯಮವಿದೆ.

ಅವರ ದುಡಿಮೆ ಎಂಥದ್ದೆಂದು ತಿಳಿದರೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ. 2006ರ ಕಡಲ ಕಾರ್ಮಿಕ ಒಪ್ಪಂದ 2013ರ ಆಗಸ್ಟ್ 20ರಂದು ಜಾರಿಗೆ ಬಂತು; ಭಾರತ 2015ರಲ್ಲಿ ಅದನ್ನು ಅಂಗೀಕರಿಸಿತು. ಕೆಲಸಗಾರರನ್ನು ಕಾಯಲೆಂದೇ ಮಾಡಿದ ಆ ಒಪ್ಪಂದದ ಮಿತಿಯೇ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ದುಡಿಮೆ. ಕಾಂಟ್ರಾಕ್ಟ್ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟು ಕಾಲ ವಾರದ ರಜೆ ಎಂಬುದೇ ಇಲ್ಲವೆನ್ನಬಹುದು.

ಹಡಗಿನ ದುಬಾರಿ ರೆಸ್ಟೋರೆಂಟೂ ಅಲ್ಲಿ ದುಡಿಯುವವರ ಪಾಡೂ ಇವತ್ತಿನದಲ್ಲ. 1905ರಲ್ಲೇ ಜರ್ಮನಿಯ ‘ಅಮೆರಿಕಾ’ ಎಂಬ ಹಡಗಿನಲ್ಲಿ ಬೇರೆ ಹಣ ಕೊಟ್ಟು ಉಣ್ಣುವ ರಿಟ್ಸ್-ಕಾರ್ಲ್ಟನ್ ರೆಸ್ಟೋರೆಂಟ್ ಇತ್ತು. 1912ರಲ್ಲಿ ಟೈಟಾನಿಕ್‌ನ ಮೊದಲ ದರ್ಜೆಯವರಿಗೆ ಅಂಥದ್ದೇ ಒಂದನ್ನು ಇಟಲಿಯ ಲುಯಿಜಿ ಗಟ್ಟಿ ನಡೆಸುತ್ತಿದ್ದರು. ಅಲ್ಲಿ ಬಡಿಸುತ್ತಿದ್ದವರು ಹಡಗಿನ ಕಂಪನಿಯ ನೌಕರರಲ್ಲ, ಗಟ್ಟಿಯವರ ನೌಕರರು. ಹಡಗು ಮುಳುಗಿದ ರಾತ್ರಿ ಅರವತ್ತಕ್ಕೂ ಹೆಚ್ಚಿದ್ದ ಆ ರೆಸ್ಟೋರೆಂಟ್ ಸಿಬ್ಬಂದಿಯಲ್ಲಿ ಬದುಕಿ ಬಂದವರು ಮೂವರು ಮಾತ್ರ. ಗಟ್ಟಿಯೂ ಉಳಿಯಲಿಲ್ಲ. ಬಿಳಿ ಬಟ್ಟೆ ಹೊದೆಸಿದ ಮೇಜಿನ ಸುತ್ತ ನಿಂತವರ ಪಾಡು ಊಟಕ್ಕೆ ಕೂತವರ ಕಣ್ಣಿಗೆ ಬೀಳುವುದು ಆಗಲೂ ಕಷ್ಟವಿತ್ತು, ಈಗಲೂ ಕಷ್ಟ.

14. ಸೇವೆ ಕೆಟ್ಟರೆ ಅಲ್ಲೇ ಹೇಳಿ, ಟಿಪ್ಸಿನಲ್ಲಿ ಸೇಡು ಬೇಡ.

ಒಂದು ಹಡಗಿನ ಇಟಾಲಿಯನ್ ರೆಸ್ಟೋರೆಂಟಿನಲ್ಲಿ ಸೂಪಿಗಾಗಿ ನಲವತ್ತು ನಿಮಿಷ ಕಾದಿದ್ದೆ. ಸಿಟ್ಟು ನೆತ್ತಿಗೇರಿತ್ತು. ಮ್ಯಾನೇಜರನ್ನು ಕರೆದು ಕೇಳಿದಾಗ ತಿಳಿಯಿತು, ಒಳಗೆ ಒಂದು ಒಲೆ ಕೆಟ್ಟು ಅಂದಿನ ಎಲ್ಲ ಮೇಜುಗಳೂ ಹಿಂದೆ ಬಿದ್ದಿದ್ದವು. ನಮ್ಮ ವೇಟರ್ ಅಷ್ಟು ಹೊತ್ತೂ ಬೈಸಿಕೊಳ್ಳುತ್ತಲೇ ಬ್ರೆಡ್ಡು ತಂದು ಕೊಡುತ್ತಿದ್ದರು. ಮ್ಯಾನೇಜರ್ ಊಟದ ದರವನ್ನೇ ಬಿಲ್ಲಿನಿಂದ ತೆಗೆದರು. ದರ ಹೋದಾಗ ಅದರ ಜೊತೆಗಿನ ಶೇಕಡಾವಾರೂ ಹೋಯಿತು. ವೇಟರಿಗೆ ಸಲ್ಲಬೇಕಾದ್ದನ್ನು ನಾನು ಕೈಗೇ ಕೊಟ್ಟು ಬಂದೆ.

ತಡವಾಯಿತೇ, ತಣ್ಣಗಿತ್ತೇ, ಸಸ್ಯಾಹಾರದಲ್ಲಿ ಮಾಂಸ ಬಂತೇ? ಅದೇ ಕ್ಷಣ ಹೇಳಿ. ಮರುದಿನ ಹೇಳಿದರೆ ಸರಿಪಡಿಸಲಾಗುವುದಿಲ್ಲ. ವೇಟರೇ ಅಗೌರವ ತೋರಿದ್ದರೆ ಹೆಚ್ಚುವರಿ ಕೊಡಬೇಡಿ, ಅಷ್ಟು ಸಾಕು.

15. ಎದೆಯ ಮೇಲಿನ ಹೆಸರು ಓದಿ, ಬರೆದುಕೊಳ್ಳಿ.

ಹಡಗಿನ ನೌಕರರ ಬಿಲ್ಲೆಯಲ್ಲಿ ಹೆಸರಿನ ಜೊತೆಗೆ ದೇಶದ ಹೆಸರೂ ಇರುತ್ತದೆ. ಅದರಲ್ಲಿ ‘ಇಂಡಿಯಾ’ ಕಾಣುವುದು ಅಪರೂಪವಲ್ಲ. "ಯಾವೂರಪ್ಪಾ?" ಎಂದು ಕೇಳಿದರೆ, "ಉಡುಪಿ ಹತ್ರ ಸರ್" ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ. ಮಂಗಳೂರು, ಮಣಿಪಾಲದ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಓದಿ, ಹಡಗಿನ ಕೆಲಸಕ್ಕೆ ಬೇಕಾದ ಎಸ್‌ಟಿಸಿಡಬ್ಲ್ಯೂ ಸುರಕ್ಷತಾ ತರಬೇತಿ ಮುಗಿಸಿ, ನಾವಿಕರ ಗುರುತಿನ ದಾಖಲೆಯಾದ ಸಿಡಿಸಿ ಪುಸ್ತಕ ಮಾಡಿಸಿ ‘ಶಿಪ್ಪಿಗೆ’ ಹೋದ ಹುಡುಗರು ನಮ್ಮ ಕರಾವಳಿಯ ಎಷ್ಟೋ ಊರುಗಳಲ್ಲಿದ್ದಾರೆ. ಅವರು ಕಳಿಸಿದ ಡಾಲರಿನಲ್ಲಿ ತಂಗಿಯ ಮದುವೆಯಾಗಿದೆ, ಅಪ್ಪನ ಸಾಲ ತೀರಿದೆ, ಮನೆಗೆ ತಾರಸಿ ಬಂದಿದೆ. ಕನ್ನಡವೋ ತುಳುವೋ ಕಿವಿಗೆ ಬಿದ್ದರೆ ಅವರ ಮುಖ ಅರಳುತ್ತದೆ. ಎರಡು ಮಾತಾಡಿ. ಆದರೆ ಬೇರೆ ಮೇಜುಗಳು ಕಾಯುತ್ತಿರುವಾಗ ಹಿಡಿದು ನಿಲ್ಲಿಸಬೇಡಿ. ನಮ್ಮೂರಿನವನೆಂದು ಟಿಪ್ಸ್ ಕಡಿಮೆ ಮಾಡಬೇಡಿ, ಪುಕ್ಕಟೆ ಡೆಸರ್ಟ್ ಕೇಳಬೇಡಿ. ಚಕ್ಕುಲಿ, ಮೈಸೂರುಪಾಕಿನ ಪೊಟ್ಟಣ ಕೊಟ್ಟರೆ ಸಂತೋಷ, ಆದರೆ ಹಣದ ಬದಲಿಗೆ ಬೇಡ.

ಹಣಕ್ಕಿಂತ ಹೆಚ್ಚು ದಿನ ಬಾಳುವ ಇನ್ನೊಂದು ಟಿಪ್ಸ್ ಇದೆ. ಹಡಗಿನ ಅಭಿಪ್ರಾಯ ಚೀಟಿಯಲ್ಲಿ, ಮನೆ ತಲುಪಿದ ಮೇಲೆ ಕಂಪನಿ ಕಳಿಸುವ ಇಮೇಲ್ ಸಮೀಕ್ಷೆಯಲ್ಲಿ ಆ ಹೆಸರು, ಆ ರೆಸ್ಟೋರೆಂಟ್, ಆ ರಾತ್ರಿ ನಡೆದದ್ದು ಎರಡು ಸಾಲಿನಲ್ಲಿ ಬರೆಯಿರಿ. ಸಹಾಯಕರು ವೇಟರ್ ಆಗುವಾಗ, ಮುಂದಿನ ಕಾಂಟ್ರಾಕ್ಟಿಗೆ ಕರೆ ಬರುವಾಗ ಮೇಲಿನವರು ನೋಡುವುದು ಇಂಥ ಸಾಲುಗಳನ್ನು. ಬಿಲ್ಲಿಗೆ ಸಹಿ ಹಾಕುವಾಗಲೇ ಹೆಸರನ್ನು ಮೊಬೈಲಿನಲ್ಲಿ ಬರೆದುಕೊಳ್ಳಿ. ಮರುದಿನದ ಬಂದರು ಬರುವಷ್ಟರಲ್ಲಿ ಮರೆತುಹೋಗುತ್ತದೆ.